ತೂಕ

ಪಿಳ್ಳಣ್ಣ ಮಾವನ ಕೋವಿ
ಖಾಲಿಯಿದ್ದ ದಿನವೇ ಇಲ್ಲ, ಅವನ ಲೆಕ್ಕದಲ್ಲಿ.
ಎಣ್ಣೆಬಟ್ಟೆಯಲ್ಲಿ ಒರೆಸುವಾಗಲೂ
ಮೂತಿ ಬಂಡೆಯ ಕಡೆಗೆ,
ಅತ್ತೆ ಆ ಕಡೆ ಸುಳಿಯುವಂತಿಲ್ಲ.

ಗುಡಿಬಂಡೆಯಾಚೆ, ಕಡಲೆಕಾಯಿ ಹೊಲದ ಕಾವಲು.
ಗಿಡ ಸರಸರ ಅಂದವು.
ಹಂದಿ, ಅಂದೆ.
ಬೆರಳು ತಾನಾಗೇ ಕುದುರೆಗೆ ಹೋಯಿತು.

ಮಾವನ ಅಂಗೈ ನಳಿಗೆಯ ಮೇಲೆ ಕೂತು
ಮೆಲ್ಲಗೆ ಮಣ್ಣಿಗೆ ಒತ್ತಿತು.
"ಕಣ್ಣಿಗೆ ಕಂಡಿದ್ದೇನೋ ಅದನ್ನೇಳು,
ಕಿವಿಗೆ ಬಿದ್ದಿದ್ದಲ್ಲ."

ಹೇಳಲಾಗಲಿಲ್ಲ.
ಕತ್ತಲು ಕೆಮ್ಮಿತು.
ಚೊಂಬು ಹಿಡಿದು ಎದ್ದ ಗಂಗುಲಪ್ಪ
ಬೀಡಿಗೆ ಬೆಂಕಿ ಕೇಳಿದ.
ಕಡ್ಡಿ ಗೀರಲು ನನಗೆ ಮೂರು ಸಲ ಬೇಕಾಯಿತು.

ಈಗಲೂ ಸಂತೆಗೆ ಬರುತ್ತಾನೆ,
ನನ್ನ ಹುಣಸೆಹಣ್ಣಿನ ತಕ್ಕಡಿಯ ಮುಂದೆ ನಿಂತು
ತೂಕ ಮೋಸ ಅಂತ ಕೂಗಾಡುತ್ತಾನೆ.
ಕೂಗಲಿ.
ಕಾಲು ಕಿಲೋ ಹೆಚ್ಚೇ ಹಾಕುತ್ತೇನೆ.