ದೋಣಿ ಎಳೆದ ದಾರಿ

ಏರಿಲ್ಲ, ಇಳಿಜಾರಿಲ್ಲ. ನಮ್ಮ ಫ್ರೀಸ್‌ಲ್ಯಾಂಡಿನಲ್ಲಿ
ಎತ್ತರವೆಂದರೆ ಕಾಲುವೆಯ ದಂಡೆ,
ದಂಡೆಗಿಂತ ಗೇಣು ಕೆಳಗೆ ನೀರು,
ನೀರಿಗಿಂತ ಆಳು ಕೆಳಗೆ
ಹುಲ್ಲು ಮೇಯುವ ಹಸು.
ಆಕಾಶಕ್ಕೆ ಮಾತ್ರ ಜಾಗದ ತೊಂದರೆಯಿಲ್ಲ.

ಫ್ರೌಕ್ಯ ಮುಂದೆ, ನಾನು ಹಿಂದೆ.
ಎಂಬತ್ತೊಂದು ಅವಳಿಗೆ.
ಬ್ಯಾಟರಿ ಸೈಕಲ್ಲು ತರಲು ಹೊರಟ ಮೊಮ್ಮಗನಿಗೆ
"ನನ್ನ ಚಾರ್ಜು ಇನ್ನೂ ಮುಗಿದಿಲ್ಲ, ಹೋಗೋ" ಎಂದವಳು.
ಬುಟ್ಟಿಯಲ್ಲಿ ಲವಂಗ ಹಾಕಿದ ಚೀಸು, ಕಪ್ಪು ಬ್ರೆಡ್ಡು,
ಕಾಫಿಯ ಫ್ಲಾಸ್ಕು, ಮಳೆಗೊಂದು ಹಳದಿ ಕೋಟು.
ಇವತ್ತಿನ ಗುರಿ: ಸಂಜೆಯೊಳಗೆ ಎಲ್ಲಿಗಾದರೂ.
ನಾಮದ ಕೋಳಿಯೊಂದು ಮರಿಗಳ ಸಮೇತ
ನಮ್ಮನ್ನು ಹಿಂದೆ ಹಾಕಿ ಜೊಂಡಿಗೆ ನುಗ್ಗಿತು.

ನಾನು ಸೇತುವೆಯವನು. ಮೂವತ್ತೆಂಟು ವರ್ಷ
ಗಂಟೆ ಬಾರಿಸಿ, ಗೇಟು ಇಳಿಸಿ,
ರಸ್ತೆಯನ್ನೇ ಎತ್ತಿ ಆಕಾಶಕ್ಕೆ ಒರಗಿಸಿ
ದೋಣಿಗಳನ್ನು ದಾಟಿಸಿದವನು.
ಗಾಳದ ಕೋಲಿನ ತುದಿಗೆ ಮರದ ಪಾದುಕೆ ಕಟ್ಟಿ
ಇಳಿಬಿಟ್ಟರೆ ಸುಂಕದ ನಾಣ್ಯ ಬೀಳುತ್ತಿತ್ತು,
ಕೆಲವೊಮ್ಮೆ ಅಂಗಿಯ ಗುಂಡಿ,
ಒಂದು ಸಲ ಜೀವಂತ ಏಡಿ.
ಅಂದು ಕಾಯಿಸಿದ ಸೈಕಲ್ಲಿನವರ ಶಾಪ ಈಗ ತಟ್ಟಿದೆ:
ನಾನು ಹತ್ತಿರ ಬಂದರೆ ಸಾಕು
ಯಾವ ಸೇತುವೆಯಾದರೂ ಎದ್ದು ನಿಲ್ಲುತ್ತದೆ.

ಫ್ರೌಕ್ಯ ಆಗಾಗ ಹೆಗಲ ಮೇಲಿಂದ ತಿರುಗಿ ನೋಡುತ್ತಾಳೆ.
ಮುದುಕ ಬರುತ್ತಿದ್ದಾನೋ ಇಲ್ಲವೋ ಎಂದು
ಅಂದುಕೊಂಡು, ಒಳಗೊಳಗೇ
ಸ್ವಲ್ಪ ಉಬ್ಬಿದ್ದೆ.

ಕಾಲುವೆ ಮೊಣಕೈಯಂತೆ ಮಡಚುವಲ್ಲಿ
ಒಂದು ಹಳೆಯ ಕಂಬ. ನನ್ನ ಕಣ್ಣಿಗೆ ಬರೀ ಕಂಬ,
ಮೇಲೆ ಹಕ್ಕಿಯ ಹಿಕ್ಕೆ.
ಅವಳು ಇಳಿದಳು. ಸೈಕಲ್ಲನ್ನು ಹುಲ್ಲಿಗೆ ಒರಗಿಸಿ
ಕಂಬದ ಸೊಂಟ ಸವರಿದಳು.
"ಇಲ್ಲಿ ಬೆರಳಿಡು."
ಇಟ್ಟೆ. ಮರದಲ್ಲಿ ಬೆರಳಗಲದ ಕಾಲುವೆ,
ಹಗ್ಗ ಉಜ್ಜಿ ಉಜ್ಜಿ ತೋಡಿದ್ದು.

"ಗಾಳಿ ಸತ್ತ ದಿನ ಅಪ್ಪ ಚುಕ್ಕಾಣಿಗೆ,
ಅಮ್ಮ ಗಳುವಿಗೆ, ನಾನು ಹಗ್ಗಕ್ಕೆ.
ಏಳು ವರ್ಷ. ಎದೆಗಡ್ಡ ಗೋಣಿಪಟ್ಟಿ,
ಹಿಂದೆ ಮೂವತ್ತು ಟನ್ ಬೀಟ್‌ಗೆಡ್ಡೆ,
ಒಲೆ, ತೊಟ್ಟಿಲು, ನಾಯಿ, ಇಡೀ ಮನೆ.
ಮೊದಲ ಹೆಜ್ಜೆ ಒಂದೇ ಕಷ್ಟ.
ಒಮ್ಮೆ ಹೊರಟರೆ ನೀರು ಒಪ್ಪಿಕೊಳ್ಳುತ್ತದೆ.
ಆಮೇಲೆ ನಿಲ್ಲಿಸುವುದು ಕಷ್ಟ."

ಅಂದಳು. ಚೀಸು ಕತ್ತರಿಸಿದಳು.
"ಈ ದಾರಿಯಲ್ಲಿ ಎಷ್ಟು ಸಲ ನಡೆದಿದ್ದೇನೋ,
ನೋಡಿದ್ದು ಮಾತ್ರ ನನ್ನದೇ ಹೆಬ್ಬೆರಳು.
ಆ ಗೋಪುರ ಅಲ್ಲಿತ್ತೇ ಆಗ?"
ಎಂಟು ನೂರು ವರ್ಷದಿಂದ ಇದೆ, ಎಂದೆ.
"ಇರಲಿ ಬಿಡು. ಈಗ ನೋಡಿದೆನಲ್ಲ."

ಮಧ್ಯಾಹ್ನ ಎದುರುಗಾಳಿ. ಇಬ್ಬರ ಮಾತೂ ನಿಂತಿತು.
ಟಿಟ್ಟಿಭವೊಂದು ಗದ್ದಲವೆಬ್ಬಿಸಿ ದೂರ ಕರೆದೊಯ್ದಿತು
ತನ್ನ ಗೂಡು ಅಲ್ಲಿಲ್ಲವೆಂದು ನಂಬಿಸಲು;
ನಂಬಿದಂತೆ ನಟಿಸಿದೆವು.

ದಾರಿ ಮುಗಿಯುವಲ್ಲಿ ಕೈ ತೆಪ್ಪ:
ಅಂಬಿಗನಿಲ್ಲ, ಬಾಡಿಗೆಯಿಲ್ಲ,
ನೀರಿನಡಿ ಒಂದು ಸರಪಳಿ, ದಂಡೆಯಲ್ಲೊಂದು ಚಕ್ರ.
ತೆಪ್ಪವೋ ಆಚೆ ದಡದಲ್ಲಿ ನಿದ್ದೆಹೋಗಿದೆ.
ನಾನು ಕೈ ನೀಡಿದೆ. ಅವಳು ತಳ್ಳಿದಳು.
ತೋಳು ಮಡಚಿ, ಕಾಲೂರಿ, ಹಲ್ಲು ಕಚ್ಚಿ
ಮೊದಲ ಸುತ್ತು.
ಸರಪಳಿ ಪಾಚಿಯೊಡನೆ ಮೇಲೆದ್ದು ನೀರು ಸುರಿಸಿತು.
ಎರಡನೆಯದು. ಆಮೇಲೆ ಎಣಿಸಲಿಲ್ಲ.

ಅವಳು ನಿಂತಲ್ಲೇ ನಿಂತಿದ್ದಳು,
ದೋಣಿಯೇ ಅವಳ ಕಡೆಗೆ ಬರುತ್ತಿತ್ತು.
ಮುಖಕ್ಕೆ ಮುಖ. ಕಣ್ಣು ಮಿಟುಕಿಸದೆ ನೋಡಿದಳು,
ಯಾವತ್ತೂ ಬೆನ್ನಿಗೇ ಇದ್ದದ್ದರ ಮುಖ
ಹೀಗಿರುತ್ತದೆಯೇ ಎನ್ನುವಂತೆ.

ಆಚೆ ದಡ. ಮತ್ತೆ ಸೈಕಲ್ಲು, ಮತ್ತೆ ಬಯಲು,
ಮೋಡದ ನೆರಳು ಹಸುಗಳ ಮೇಲಿಂದ ಸರಿಯುತ್ತ.
ಅರ್ಧ ಮೈಲಿಗೆ ಅವಳು ತಿರುಗಿ ನೋಡಿದಳು.
ನನ್ನನ್ನಲ್ಲ, ಈಗ ಗೊತ್ತು:
ಹಗ್ಗ ಸಡಿಲವಾಯಿತೇ, ದೋಣಿ ದಂಡೆಗೆ ತಾಗಿತೇ.

ಕೈ ಎತ್ತಿ ಬೀಸಿದೆ,
ಎಲ್ಲ ಸರಿಯಿದೆ, ಬರುತ್ತಿದೆ,
ನೀನು ನಡೆ.