ಮುಚ್ಚದ ಎಂಟು

ವರ್ಷಕ್ಕೊಮ್ಮೆ, ಮಾಗಿಯಲ್ಲಿ,
ಬ್ಲಾಕ್‌ಪಳ್ಳಿಯ ನಮ್ಮ ತಾತನ ಸಾಣೆಗೆ
ಟವೆಲಿನಲ್ಲಿ ಸುತ್ತಿ ತರುತ್ತಿದ್ದಳು ಎತೆಲ್ಕಾ
ಒಂದು ಜೊತೆ ಬೂಟು, ಅಡಿಯಲ್ಲಿ ಅಲಗು.

ಚಕ್ರ ತುಳಿಯುತ್ತ ತಾತ ಕೇಳಿದ್ದ:
‘ಹುಂಜದ ಕಾಲಿಗೆ ಕತ್ತಿ ಕಟ್ಟೋದು ಗೊತ್ತು.
ನಿಮಗ್ಯಾಕಮ್ಮ?’

ಅವಳ ಕನ್ನಡ ಮೂರು ಹಿಡಿ. ಅಷ್ಟರಲ್ಲೇ ಹೇಳಿದಳು:
ಬುಡಾಪೆಸ್ಟಿನ ಕೆರೆ, ದಡದಲ್ಲಿ ಬ್ಯಾಂಡು,
ಹತ್ತೊಂಬತ್ತರಲ್ಲಿ ಒಂದು ಬೆಳ್ಳಿ ಪದಕ,
ಅದನ್ನು ಮಾರಿ ಕೊಂಡ ಹಡಗಿನ ಟಿಕೆಟ್ಟು,
ಕಂಟೋನ್ಮೆಂಟಿನ ಮಕ್ಕಳಿಗೆ ಪಿಯಾನೋ ಪಾಠ,
ಯುದ್ಧ ಬಂದ ಮೇಲೆ
ಪ್ರತಿ ಸೋಮವಾರ ಠಾಣೆಯಲ್ಲಿ ರುಜು.

‘ಹಲಸೂರು ಕೆರೆ ಎಂದಾದರೂ ಹೆಪ್ಪುಗಟ್ಟುತ್ತಾ?’
‘ಹೆಪ್ಪು ಹಾಕಿದ್ರೆ ಹಾಲು ಕೂರುತ್ತೆ, ತಾಯಿ.
ಕೆರೆ ಕೂರಲ್ಲ.’

ಒಂದು ಬೆಳಗ್ಗೆ
ರಸೆಲ್ ಮಾರ್ಕೆಟ್ಟಿನ ಮೀನಿನ ಸಾಲಿಗೆ
ಮರದ ಹೊಟ್ಟು ಮೆತ್ತಿಕೊಂಡು ಐಸ್ ದಿಮ್ಮಿ ಇಳಿದಾಗ
ಬೂಟಿನೊಳಗೆ ಮೊಣಕೈವರೆಗೂ ತೂರಿಸಿ,
ಕೈಯನ್ನೇ ಕಾಲು ಮಾಡಿ
ಗೀರಿದಳು. ಒಂದು ಸುತ್ತು, ನಡು, ಇನ್ನೊಂದು ಸುತ್ತು,
ಹೊರಟಲ್ಲಿಗೇ ಬಂದು ಮುಚ್ಚಿತು ಗೆರೆ.
‘ಇದು ಎಂಟು’ ಅಂದಳು.

ಲೆಕ್ಕಕ್ಕೆ ಮಾತ್ರ ಕನ್ನಡ ಕಲಿತ ತಾತ
ಪಕ್ಕದಲ್ಲೇ ಉಗುರಿನಿಂದ ಬರೆದ: ೮.

ಬಗ್ಗಿ ನೋಡಿದಳು ಬಹಳ ಹೊತ್ತು.
‘ನಿಮ್ಮದರ ಬಾಯಿ ತೆರೆದೇ ಇದೆ.
ಹೊರಟಲ್ಲಿಗೆ ವಾಪಸ್ ಹೋಗೋದೇ ಇಲ್ಲ.’

ಅಷ್ಟರಲ್ಲಿ ಬಂಗುಡೆ ಬುಟ್ಟಿ ಬಂತು,
ಸುತ್ತಿಗೆಯವನು ದಿಮ್ಮಿ ಒಡೆದ.

ಆ ವರ್ಷದ ಬೂಟು ನಮ್ಮಲ್ಲೇ ಉಳಿಯಿತು.
ಅಲಗು ಈಗಲೂ ಹೆಬ್ಬೆರಳು ಕೊಯ್ಯುತ್ತದೆ.
ತಾತನ ಲೆಕ್ಕದ ಪುಸ್ತಕದಲ್ಲಿ
ಅವಳ ಹೆಸರು ಎಲ್ಲೂ ಇಲ್ಲ,
ಕೊನೆಯ ಹಾಳೆಯಲ್ಲಿ ಪೆನ್ಸಿಲಿನ ಒಂದು ಸಾಲು:
ಐಸಮ್ಮ, ಬಾಕಿ, ನಾಲ್ಕಾಣೆ.