ಹೋತ ಓದಿದ ಪುಟ

ಡೋಣಿ ದಾಟಿ ಕಪ್ಪತಗುಡ್ಡ ಏರಿದರ
ಎರಡನೇ ತಿರುವಿನಾಗ ಸಾಂಬಯ್ಯನವರ ಗವಿ.
ಒಳಗ ಒಂದು ಕಂಬಳಿ, ಒಂದು ಕಂದೀಲು,
ಇಪ್ಪತ್ತೆರಡು ವರ್ಷದಿಂದ ಮುಗೀಲಾರದ ಒಂದು ಭಾಷ್ಯ.
ಯಾವುದರ ಭಾಷ್ಯ? ಊರಾಗ ಯಾರಿಗೂ ಗೊತ್ತಿಲ್ಲ.

ನಾ ಆಡು ಕಾಯೋಕಿ. ಸೋಮವಾರಕ್ಕೊಮ್ಮೆ
ಅವ್ವ ಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ, ಚಿಮಣಿ ಎಣ್ಣಿ
ಬಾಗಿಲಕಲ್ಲಿನ ಮ್ಯಾಲ ಇಟ್ಟು ಬರತಿದ್ದೆ.
ಒಮ್ಮೊಮ್ಮೆ ಎಲಿಯೊಂದ ಹಿಡಿದು ಕೇಳತಿದ್ರು:
‘ಇದಕ್ಕ ನಿಮ್ಮ ಕಡೆ ಏನಂತಾರ, ಕಲ್ಲವ್ವಾ?’
ಹೇಳಿದ್ದನ್ನ ಬರಕೊಂತಿದ್ರು
ಸಂಸ್ಕೃತದ ಪಕ್ಕ, ಸಣ್ಣ ಅಕ್ಷರದಾಗ.

ಆ ವರ್ಷ ಆಷಾಢ. ಗಾಳಿ ಅಂದ್ರ ಗಾಳಿ.
ಗುಡ್ಡದ ನೆತ್ತಿಮ್ಯಾಲ ಹೊಸ ಪಂಖಗಳು ನಿದ್ದಿಗೆಟ್ಟು ತಿರುಗತಿದ್ವು.
ಅವರು ನೀರಿಗೆ ಹೋಗಿದ್ರು, ನಾ ಕವಳಿಹಣ್ಣಿಗೆ.
ನಮ್ಮ ಕರಿ ಹೋತ ಒಳಗ ನುಗ್ಗಿ
ಒಂದು ಹಾಳಿ ಪೂರಾ ಮೇದಿತ್ತು,
ಅಂಚಿನ ಚೂರು ಇನ್ನೂ ಗಡ್ಡದಾಗ.

ಶಾಪ ಹಾಕತಾರಂತ ಕಣ್ಣು ಮುಚ್ಚಿದೆ.
ಮೊದಲು ಕೆಮ್ಮು ಬಂತು, ಆಮ್ಯಾಲ ನಗು.
ಅವರಿಗೆ ನಗಾಕ ಬರತೈತಿ ಅನ್ನೂದ
ನನಗ ಅಲ್ಲೀತನಕ ಗೊತ್ತಿರಲಿಲ್ಲ.
‘ಆ ಪುಟ ಸ್ವಲ್ಪ ಸೊಕ್ಕಿಲೆ ಬರದಿದ್ದೆ,
ಅದಕ್ಕ ರುಚಿ ಹತ್ತೇತಿ ನೋಡು,’ ಅಂದ್ರು.

ಅವರು ಹೋದ ಮ್ಯಾಲ
ಗಂಟು ಗದಗಿಗೆ ಒಯ್ದರು, ಪುಟ ಎಣಿಸಿದರು.
ನಡುವ ಒಂದು ಖಾಲಿ ಹಾಳಿ, ತುದಿಗೆ ಒಂದೇ ಸಾಲು.
ನನಗ ಓದಾಕ ಬರೂದಿಲ್ಲ; ಮಗಳು ಓದಿದ್ಲು:
‘ಇದನ್ನು ಕಲ್ಲವ್ವನ ಹೋತ ಓದಿದೆ.
ಅದರ ಅಭಿಪ್ರಾಯ ನನಗೂ ಒಪ್ಪಿಗೆ.’

ಇನ್ನೊಮ್ಮೆ ಓದು, ಅಂದೆ.